ಬಾವಂಚಿಯ ಬಿಸಿಲು

ಕಾಲು ಕಿಲೋ ಬಾವಂಚಿ ಬೀಜಕ್ಕೆ ನೂರ ಎಂಬತ್ತು ರೂಪಾಯಿ ಕೊಟ್ಟು ಬಂದೆ. ಎಂಬತ್ತಕ್ಕಿಂತ ಹೆಚ್ಚು ಬಾಳುವ ಮಾಲಲ್ಲ ಅದು. ಕಲ್ಲು, ಕಡ್ಡಿ, ಹೋದ ವರ್ಷದ ಜೊಳ್ಳು ಎಲ್ಲ ಸೇರಿತ್ತು. ಗಿಡಮೂಲಿಕೆಗಳ ಸತ್ವವನ್ನು ಔಷಧಿ ತಯಾರಿಸುವವರಿಗೂ ಮುಖಕ್ಕೆ ಹಚ್ಚುವ ಕ್ರೀಮು ಮಾಡುವವರಿಗೂ ಒದಗಿಸುವುದೇ ನನ್ನ ವ್ಯಾಪಾರ. ಸಾಬೂನಿನ ಸ್ಯಾಂಪಲ್ಲುಗಳನ್ನು ಚೀಲದಲ್ಲಿಟ್ಟುಕೊಂಡು ನವರಂಗಪುರದ ಅಂಗಡಿಗಳ ಮೆಟ್ಟಿಲು ಹತ್ತಿ ಶುರುಮಾಡಿದವಳು ನಾನು. ಬೆಲೆ ಇಳಿಸದೆ ಒಂದು ಕಟ್ಟು ಕೊತ್ತಂಬರಿಯನ್ನೂ ಕೊಂಡವಳಲ್ಲ. ಅಹಮದಾಬಾದಿನ ಹಳೇ ಊರಿನಲ್ಲಿ ನಾನು ಗಲ್ಲಿಯ ತುದಿಯಲ್ಲಿ ಕಂಡರೆ ಸಾಕು, ಗ್ರಂಧಿಗೆ ಅಂಗಡಿಯವರು ಹಳೆಯ ಮಾಲನ್ನು ಹಿಂದಕ್ಕೆ ಸರಿಸಿಬಿಡುತ್ತಾರೆ. ಅಂಥವಳು ಅಂದು ಬಾಯಿ ಬಿಡದೆ ದುಡ್ಡು ಎಣಿಸಿ ಕೊಟ್ಟೆ. ಯಾಕೆಂದರೆ ಅಂಗಡಿಯವನು ಮೂಲೆಯ ಗೋಣಿಯ ಬಾಯಿ ಬಿಚ್ಚಿ ಒಳಗೆ ಕೈಹಾಕಿ ಬೀಜವನ್ನು ಕೆದಕಿದ, ಆ ವಾಸನೆ ಎದ್ದಿತು. ಕಹಿ, ಅಂಟಂಟು, ಸೀದ ಸಾಸಿವೆಗೂ ಹಳೆಯ ಗಂಧದ ಪೆಟ್ಟಿಗೆಗೂ ನಡುವಿನದೊಂದು ಘಾಟು. ನಾನು ಕೊಳ್ಳುವುದು ಡ್ರಮ್ಮುಗಳಲ್ಲಿ ಬರುವ ಶುದ್ಧ ಮಾಡಿದ ಸತ್ವ. ಅದಕ್ಕೆ ಈ ವಾಸನೆ ಇರುವುದಿಲ್ಲ. ಬೀಜದ ವಾಸನೆಯನ್ನು ಮೂಸಿ ಎಷ್ಟೋ ಕಾಲವಾಗಿತ್ತು. ಗೋಣಿಯೊಳಗೆ ಮೂಗು ತೂರಿಸಿ ನಿಂತ ಗಿರಾಕಿ ಚೌಕಾಸಿ ಮಾಡಲಾರಳು. ಪೊಟ್ಟಣವನ್ನು ಎದೆಗವಚಿಕೊಂಡು ಆಟೋ ಹತ್ತಿ, ಸ್ಯಾಟಲೈಟ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬರುವವರೆಗೂ ಅದರ ಬಾಯಿಯನ್ನು ಬಿಚ್ಚಿ ಮೂಸುವುದು, ಮತ್ತೆ ಮಡಿಸುವುದು, ಇದೇ ಆಯಿತು. ಈ ವಾಸನೆ ನನ್ನ ಪಾಲಿಗೆ ವಡೋದರೆಯ ಗೋರ್ವಾದ ಒಂದು ಮನೆ. ಆ ಮನೆಯಲ್ಲಿದ್ದವರಲ್ಲಿ ಈಗ ಉಳಿದವಳು ನಾನೊಬ್ಬಳೇ.

ಅಪ್ಪ ಮೈಸೂರಿನಿಂದ ಬಂದು ಗೋರ್ವಾದ ಒಂದು ಔಷಧಿ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದರು. ತೊಗಟೆ, ಬೇರು, ಬೀಜಗಳನ್ನು ಸ್ಪಿರಿಟಿನಲ್ಲಿ ಕುದಿಸಿ, ಆ ಸ್ಪಿರಿಟನ್ನು ಹಾರಿಸಿ, ತಳದಲ್ಲಿ ಉಳಿದ ಕಂದು ಅಂಟನ್ನು ತೂಗಿ ಬಾಟಲಿಗೆ ತುಂಬುವುದು ಅವರ ಕೆಲಸ. ಸಂಜೆ ಮನೆಗೆ ಬಂದಾಗ ಅವರ ಅಂಗಿಯನ್ನು ಮೂಸಿ ಇವತ್ತು ಕಾರ್ಖಾನೆಯಲ್ಲಿ ಏನು ಕುದಿಯಿತು ಎಂದು ಹೇಳುವುದು ನನ್ನ ಆಟ. ಅತಿಮಧುರವಾದರೆ ಸಿಹಿ, ಅರಿಶಿನವಾದರೆ ಮಣ್ಣು, ಬೇವಾದರೆ ಅಮ್ಮ ಅಂಗಿಯನ್ನು ಹಿತ್ತಲಿನಲ್ಲೇ ಬಿಚ್ಚಿಸುತ್ತಿದ್ದಳು. ಎರಡು ಕೋಣೆ, ಒಂದು ನಡುಮನೆ, ಮೇಲೆ ಬಿಳಿಯ ಸುಣ್ಣ ಬಳಿದ ತಾರಸಿ. ಎದುರು ಮನೆಯಲ್ಲಿ ಮಧುಬೆನ್ ಎಂಬ ಗುಜರಾತಿ ಹೆಂಗಸು. ಅವರ ಬಾಗಿಲಿಗೆ ಅಗುಳಿ ಇದ್ದದ್ದನ್ನೇ ನಾನು ಕಂಡಿಲ್ಲ. ನಮ್ಮ ಮನೆಯಲ್ಲಿ ಬೆಳಿಗ್ಗೆ ಫಿಲ್ಟರ್ ಕಾಫಿಯ ಘಮ, ಅವರ ಮನೆಯಲ್ಲಿ ಮೆಂತ್ಯದ ಥೇಪ್ಲಾ ರೊಟ್ಟಿಯ ಘಮ; ಎರಡೂ ನಡುರಸ್ತೆಯಲ್ಲಿ ಕಲಸಿಕೊಳ್ಳುತ್ತಿದ್ದವು. ಈಗ ಆ ಸಾಲುಮನೆಗಳನ್ನು ಕೆಡವಿ ಅಂಗಡಿ ಮಳಿಗೆ ಕಟ್ಟಿದ್ದಾರೆ. ಹೋದ ಸಲ ಕೆಲಸದ ಮೇಲೆ ಗೋರ್ವಾಕ್ಕೆ ಹೋದಾಗ ನಮ್ಮ ತಾರಸಿ ಇದ್ದ ಎತ್ತರದಲ್ಲಿ ಮೊಬೈಲ್ ಕವರುಗಳು ಸಾಲಾಗಿ ನೇತಾಡುತ್ತಿದ್ದವು. ಕೆಳಗೆ ನಿಂತು ಸ್ವಲ್ಪ ಹೊತ್ತು ನೋಡಿದೆ. ಅಂಗಡಿಯವನು ಗಿರಾಕಿ ಎಂದುಕೊಂಡು ಕರೆದ.

ಅಪ್ಪನ ತಂಗಿ ನಳಿನತ್ತೆ ನಮ್ಮ ಜೊತೆಗೇ ಇದ್ದಳು. ಅಜ್ಜಿಯೂ ಇದ್ದಳು, ಅಪ್ಪನ ಅಮ್ಮ. ಅತ್ತೆಗೆ ಮೂವತ್ತರ ಹತ್ತಿರ ವಯಸ್ಸು. ಕೈಬೆರಳುಗಳ ಮೇಲೆ, ಮುಂಗೈಯಲ್ಲಿ, ತುಟಿಯ ಒಂದು ಮೂಲೆಯಲ್ಲಿ ಚರ್ಮ ಬಿಳಿಚಿತ್ತು. ಮನೆಯಲ್ಲಿ ಅದಕ್ಕೆ 'ಕಲೆ' ಎನ್ನುತ್ತಿದ್ದೆವೇ ಹೊರತು ತೊನ್ನು ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ. ನನಗೆ ಮಾತ್ರ ಅವಳ ಮುಂಗೈಯ ಕಲೆಯೆಂದರೆ ಎಲ್ಲಿಲ್ಲದ ಪ್ರೀತಿ. ಅದು ಥೇಟ್ ಶಾಲೆಯ ಗೋಡೆಯ ಮೇಲಿದ್ದ ಗುಜರಾತಿನ ನಕ್ಷೆಯಂತೆ ಇತ್ತು, ಬಾಯಿ ತೆರೆದ ಪ್ರಾಣಿಯ ಹಾಗೆ. ಅವಳೇ ನನ್ನ ಬೆರಳು ಹಿಡಿದು, "ಇಲ್ಲಿ ದ್ವಾರಕೆ, ಇಲ್ಲಿ ನಮ್ಮ ವಡೋದರೆ, ಇಲ್ಲಿ ಕೆಳಗೆ ಸೂರತ್ತು. ಇನ್ನೂ ಕೆಳಗೆ ಹೋದ್ರೆ ಮೊಣಕೈ, ಅಲ್ಲಿ ಮೈಸೂರು" ಎಂದು ತೋರಿಸುವಳು. ಬಸ್ಸಿನಲ್ಲಿ ಯಾರಾದರೂ ಸರಿದು ಕೂತರೆ, "ನೋಡೇ ಪುಟ್ಟಿ, ನಮಗೆ ಎಷ್ಟು ಜಾಗ ಬಿಟ್ಟರು" ಎಂದು ಕಾಲು ಚಾಚಿ ಕೂರುವಳು. ತರಕಾರಿ ಮಾರುಕಟ್ಟೆಯಲ್ಲಿ ಅವಳ ಚೌಕಾಸಿ ನೋಡಲು ಜನ ನಿಲ್ಲುತ್ತಿದ್ದರು. ಬದನೆಕಾಯಿಯನ್ನು ಎತ್ತಿ, ಏನೂ ಹೇಳದೆ, ಸತ್ತವರ ಮುಖ ನೋಡಿದ ಹಾಗೆ ನೋಡಿ, ಕೆಳಗಿಡುವಳು. ಮಾರುವವನೇ ಬೆಲೆ ಇಳಿಸುತ್ತಿದ್ದ. ನಾನು ಇವತ್ತು ಅನ್ನ ತಿನ್ನುತ್ತಿರುವುದು ಆ ಬದನೆಕಾಯಿಯ ಪಾಠದಿಂದ.

ಬಾವಂಚಿ ಎಣ್ಣೆ ಅಜ್ಜಿಯ ಇಲಾಖೆ. ಮೈಸೂರಿನಲ್ಲಿ ಯಾರೋ ಪಂಡಿತರು ಹೇಳಿಕೊಟ್ಟದ್ದಂತೆ. ಬೀಜವನ್ನು ಗೋಮೂತ್ರದಲ್ಲಿ ನೆನೆಹಾಕಿ, ತೊಳೆದು, ನೆರಳಿನಲ್ಲಿ ಒಣಗಿಸಿ, ಕುಟ್ಟಿ, ಎಳ್ಳೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ ಸೋಸುವುದು. ಮನೆ ತುಂಬ ಆ ಕಹಿ ಘಾಟು ಎದ್ದರೆ ಮಧುಬೆನ್ ಕಿಟಕಿಯಿಂದಲೇ, "ಬಾ, ಆಜೇ ಬಾವ್ಚೀ?" ಎಂದು, ಅಜ್ಜೀ ಇವತ್ತು ಬಾವಂಚಿಯೇ ಎಂದು, ಕೇಳುವರು. ಎಣ್ಣೆಯನ್ನು ಕಲೆಯ ಮೇಲೆ ತೆಳ್ಳಗೆ ಸವರಿ ಎಳೆಬಿಸಿಲಿನಲ್ಲಿ ಕೂರಬೇಕು. ಬಾವಂಚಿ ತಾನೊಂದೇ ಕೆಲಸ ಮಾಡುವುದಿಲ್ಲ, ಬಿಸಿಲಿನ ಜೊತೆ ಸೇರಿದರೇ ಮಾಡುವುದು. ಎಷ್ಟು ಹೊತ್ತು ಎಂಬುದಕ್ಕೆ ಪಂಡಿತರು ಗಡಿಯಾರ ಹೇಳಿರಲಿಲ್ಲ, ಜಪಸರ ಹೇಳಿದ್ದರು. ಅಜ್ಜಿ ತಾರಸಿಯ ಬಾಗಿಲ ನೆರಳಿನಲ್ಲಿ ಕೂತು ರಾಮಜಪ ಮಾಡುತ್ತ ತುಳಸಿಮಣಿಯ ಸರವನ್ನು ಒಂದು ಸುತ್ತು ತಿರುಗಿಸುವಳು; ಅಷ್ಟು ಹೊತ್ತು ಅತ್ತೆ ಬಿಸಿಲಿನಲ್ಲಿ ಕೈ ಚಾಚಿ ಕೂರಬೇಕು. ಸುತ್ತು ಮುಗಿದು ಮೇರುಮಣಿ ಬೆರಳಿಗೆ ಸಿಕ್ಕಿದ ಕೂಡಲೇ, "ಏಳೇ, ಸಾಕು." ನಮ್ಮ ಮನೆಯಲ್ಲಿ ಅದಕ್ಕೆ 'ಒಂದು ಸರದ ಬಿಸಿಲು' ಎಂದೇ ಹೆಸರು. ನಾನು ಅತ್ತೆಯ ಪಕ್ಕದಲ್ಲಿ ಕೂತು ಅವಳ ಕೈಮೇಲಿನ ಎಣ್ಣೆ ಹೊಳೆಯುವುದನ್ನು ನೋಡುತ್ತಿದ್ದೆ. ಆ ಚಳಿಗಾಲದಲ್ಲಿ ಬಿಳಿಯ ನಡುವೆ ಎಳ್ಳಿನ ಗಾತ್ರದ ಕಂದು ಚುಕ್ಕೆಗಳು ಏಳತೊಡಗಿದವು. ಬಣ್ಣ ವಾಪಸು ಬರುವುದು ಹಾಗೆಯೇ, ಚುಕ್ಕೆ ಚುಕ್ಕೆಯಾಗಿ. ಅತ್ತೆ ಮುಂಗೈಯನ್ನು ನನ್ನ ಮೂಗಿನ ಹತ್ತಿರ ತಂದು, "ನೋಡೇ, ಗುಜರಾತಿನಲ್ಲಿ ಹೊಸ ಊರುಗಳು ಹುಟ್ಟುತ್ತಾ ಇವೆ" ಎಂದು ನಕ್ಕದ್ದು ನೆನಪಿದೆ. ನನಗೆ ಒಳಗೊಳಗೇ ಬೇಜಾರಾಗಿತ್ತು, ನಕ್ಷೆ ಅಳಿಸಿಹೋಗುತ್ತದಲ್ಲ ಎಂದು.

ಯುಗಾದಿಯಾದ ಮೇಲೆ ಸೂರತ್ತಿನಿಂದ ಒಂದು ಸಂಬಂಧ ಬಂತು. ಹುಡುಗನ ಹೆಸರು ಸುಧೀಂದ್ರ, ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನಲ್ಲಿ ಕೆಲಸ, ಮಂಡ್ಯದ ಕಡೆಯವರು. ವಡೋದರೆಯ ಕನ್ನಡದವರು ಸೇರಿ ಮಾಡಿದ ಯುಗಾದಿ ಊಟಕ್ಕೆ ಬಂದಿದ್ದನಂತೆ. ಅಲ್ಲಿ ಅತ್ತೆ ಕೋಸಂಬರಿ ಬಡಿಸಿದ್ದಳು. ಅವನನ್ನು ಅವಳು ನೆನಪಿಟ್ಟುಕೊಂಡಿದ್ದಳು ಎಂದು ನನಗೆ ಗೊತ್ತಾದದ್ದು, ಸುದ್ದಿ ಬಂದ ಸಂಜೆ ಅವಳು ಅಮ್ಮನಿಗೆ ಹೇಳಿದ ಒಂದು ಮಾತಿನಿಂದ. "ಅತ್ತಿಗೆ, ಮೂರು ಸಲ ಕೋಸಂಬರಿ ಹಾಕಿಸಿಕೊಂಡ್ರಲ್ಲ, ಅವರೇ. ಹಸಿವು ಅಂದುಕೊಂಡಿದ್ದೆ." ಅಮ್ಮ ಬಾಣಲೆಯಿಂದ ಕಣ್ಣು ತೆಗೆದು ಅವಳ ಮುಖ ನೋಡಿದಳು. ಅತ್ತೆ ಹಾಗೆ ಕೆಂಪಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವಳು ಆ ಮದುವೆಯನ್ನು ಬಯಸಿದ್ದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ಬರೀ ಒಂದು ಸುಟ್ಟ ಗಾಯದ ಕಥೆಯಾಗುತ್ತದೆ. ಅಪ್ಪ ಮಧ್ಯಸ್ಥರ ಬಳಿ, ಕೈಮೇಲೆ ಸಣ್ಣದೊಂದು ಗುರುತಿದೆ, ಔಷಧಿ ನಡೆಯುತ್ತಿದೆ, ಹೆಚ್ಚು ಕಡಿಮೆ ಹೋಗಿಯೇಬಿಟ್ಟಿದೆ ಎಂದು ಹೇಳಿಬಿಟ್ಟಿದ್ದರು. ಸೂರತ್ತಿನವರು ಬೇಸಗೆಯಲ್ಲಿ ಅಹಮದಾಬಾದಿನ ಯಾವುದೋ ಮದುವೆಗೆ ಹೋಗಿ, ಅಲ್ಲಿಂದ ಹಿಂದಿರುಗುವಾಗ ನಮ್ಮ ಮನೆಗೆ ಬರುವುದೆಂದು ಗೊತ್ತಾಯಿತು. ಅಷ್ಟರೊಳಗೆ ಹೇಳಿದ ಮಾತು ನಿಜವಾಗಬೇಕಿತ್ತು.

ಆಮೇಲೆ ಮನೆಯಲ್ಲಿ ಏನೇನು ನಡೆಯಿತೆಂದು ಆಗ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ಹೊರಗಿನಿಂದ ನೋಡಿದರೆ ಎಲ್ಲ ಎಂದಿನಂತೆ ಇತ್ತು. ಅಜ್ಜಿ ನೆರಳಿನಲ್ಲಿ, ಅತ್ತೆ ಬಿಸಿಲಿನಲ್ಲಿ, ಜಪಸರ ತಿರುಗುತ್ತಿತ್ತು. ವೈಶಾಖದ ವಡೋದರೆಯ ಬಿಸಿಲು ಮೈಸೂರಿನ ಬಿಸಿಲಲ್ಲ ಎಂಬುದು ಮಾತ್ರ ಆ ಸರಕ್ಕೆ ಗೊತ್ತಿರಲಿಲ್ಲ. ಕೂತು ಎದ್ದಮೇಲೆ ಕೈ ನೋಡಿಕೊಂಡರೆ ಏನೂ ಆಗಿರುತ್ತಿರಲಿಲ್ಲ. ಮಾರನೆಯ ದಿನವೂ ಏನೂ ಇಲ್ಲ. "ಸೂರ್ಯನಿಗೂ ನನ್ನ ಮೇಲೆ ನಂಬಿಕೆ ಇಲ್ಲ, ಬಂದು ನೋಡಿ ಹೋಗ್ತಾನೆ" ಎಂದು ಅತ್ತೆ ತಮಾಷೆ ಮಾಡಿದಳು. ಬಾವಂಚಿಯ ಗುಣವೇ ಅದು. ಬೆಂಕಿಯಂತೆ ಮುಟ್ಟಿದ ಕೂಡಲೇ ಸುಡುವುದಿಲ್ಲ, ಒಂದೆರಡು ದಿನ ಸುಮ್ಮನಿದ್ದು ಆಮೇಲೆ ಏಳುತ್ತದೆ. ಅತಿಥಿಗಳು ಬರುವ ಎರಡು ದಿನ ಮೊದಲು ಬೆಳಿಗ್ಗೆ ಅತ್ತೆ ಏಳಲಿಲ್ಲ. ನಾನು ಎಬ್ಬಿಸಲು ಹೋದೆ. ಅವಳ ಬೆರಳುಗಳು ಒಂದಕ್ಕೊಂದು ತಾಗದಷ್ಟು ಊದಿದ್ದವು. ಮುಂಗೈ ಕೆಂಪಾಗಿ, ನಕ್ಷೆಯ ಮೇಲೆಲ್ಲ ನೀರು ತುಂಬಿದ ಗುಳ್ಳೆಗಳು ಎದ್ದಿದ್ದವು. ತುಟಿಯ ಮೂಲೆ ಬಾತು ಮುಖ ಒಂದು ಕಡೆಗೆ ಎಳೆದಿತ್ತು. "ಅಮ್ಮನ್ನ ಕರಿ" ಎಂದಳು. ಅಷ್ಟೇ ಮಾತು ಹೊರಟಿತು.

ಆಸ್ಪತ್ರೆಯ ಚರ್ಮದ ಡಾಕ್ಟರು ಗುಜರಾತಿನವರೇ, ವಯಸ್ಸಾದವರು. ಕೈಯನ್ನು ಮುಟ್ಟದೆ ದೀಪದ ಕೆಳಗೆ ನೋಡಿ, ಹಿಂದಿಯಲ್ಲಿ ಕೇಳಿದರು. ಏನು ಹಚ್ಚಿದಿರಿ? ಎಷ್ಟು ಹೊತ್ತು ಬಿಸಿಲಿಗೆ ಕೂರಿಸಿದಿರಿ? ಅಜ್ಜಿ, "ಏಕ್ ಮಾಲಾ" ಎಂದಳು. ಒಂದು ಮಾಲೆಯಷ್ಟು ಹೊತ್ತಿಗೆ ಇಷ್ಟಾಗುವುದಿಲ್ಲ ಎಂದರು ಡಾಕ್ಟರು. ಅಜ್ಜಿ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡಿದಳು. ಆಮೇಲೆ ಮಗನ ಕಡೆ ತಿರುಗಿ ಕನ್ನಡದಲ್ಲಿ, "ಎರಡು ಸುತ್ತು ತಿರುಗಿಸ್ತಿದ್ದೆ ಕಣೋ. ಅವಳಿಗೆ ಗೊತ್ತಾಗದ ಹಾಗೆ. ಹರಕೆ ಅಂತ" ಎಂದಳು. ಆಗ ಅಮ್ಮ, ಯಾರೂ ಕೇಳದೆಯೇ, ಸಣ್ಣ ದನಿಯಲ್ಲಿ, "ಎಣ್ಣೆ ಚೆನ್ನಾಗಿ ಹಿಡೀಲಿ ಅಂತ ನಾನು ಮೊದಲು ನಿಂಬೆಹಣ್ಣಿನ ಹೋಳಿನಲ್ಲಿ ಉಜ್ಜುತಾ ಇದ್ದೆ" ಎಂದಳು. ನಿಂಬೆರಸವೂ ಬಿಸಿಲು ತಾಗಿದರೆ ಚರ್ಮವನ್ನು ಸುಡುತ್ತದೆ ಎಂದು ಡಾಕ್ಟರು ಹೇಳಿದಾಗ ಅವಳು ಗೋಡೆ ಹಿಡಿದುಕೊಂಡಳು. ಅಪ್ಪ ಕನ್ನಡಕ ತೆಗೆದು ಒರೆಸಿದರು. ಎಣ್ಣೆಯ ಬಾಟಲಿಗೆ ಅವರು ಕಾರ್ಖಾನೆಯಲ್ಲಿ ತೆಗೆದ ಬಾವಂಚಿಯ ಸತ್ವವನ್ನು ಬೆರೆಸಿಟ್ಟಿದ್ದರು. ಸ್ಪಿರಿಟಿನಲ್ಲಿ ಕುದಿಸಿದ್ದು ಎಂದು ತಿಳಿದರೆ ಮಡಿಯ ಅಜ್ಜಿ ಆ ಬಾಟಲಿಯನ್ನೇ ಮುಟ್ಟುವುದಿಲ್ಲವೆಂದು ಯಾರಿಗೂ ಹೇಳಿರಲಿಲ್ಲ. "ಬೀಜದಲ್ಲಿ ಕೆಲಸ ಮಾಡೋ ಅಂಶ ಸ್ವಲ್ಪವೇ ಇರತ್ತೆ ಅಂತ..." ಎಂದು ಶುರುಮಾಡಿ ನಿಲ್ಲಿಸಿದರು. ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅತ್ತೆ ಮಾತ್ರ, ಊದಿದ ತುಟಿಯ ಒಂದು ಮೂಲೆಯಿಂದ, "ನೀವು ಮೂರು ಜನ ಸೇರಿ ನನಗೆ ಉಪ್ಪಿನಕಾಯಿ ಹಾಕಿದ್ರಿ" ಎಂದಳು. ಯಾರೂ ನಗಲಿಲ್ಲ. ನಗಿಸಲು ಅವಳೇ ಇನ್ನೊಂದು ಸಲ ಹೇಳಿದಳು.

ಅಹಮದಾಬಾದಿನ ಮದುವೆಮನೆಯ ಫೋನ್ ನಂಬರು ನಮ್ಮಲ್ಲಿರಲಿಲ್ಲ. ಬರಬೇಡಿ ಎನ್ನಲು ದಾರಿಯಿರಲಿಲ್ಲ. ಸುಧೀಂದ್ರ ಮತ್ತು ಅವನ ತಾಯಿ ಹೇಳಿದ ದಿನ, ಹೇಳಿದ ಹೊತ್ತಿಗೆ, ಒಂದು ಡಬ್ಬ ಮದುವೆಯ ಲಾಡು ಹಿಡಿದು ಬಂದರು. ಅತ್ತೆಯನ್ನು ಒಳಕೋಣೆಯಲ್ಲಿ ಕೂರಿಸಿ ಪರದೆ ಎಳೆದಿತ್ತು. ನಾನು ಅವಳ ಜೊತೆಯಲ್ಲಿದ್ದೆ. ಇಂಥ ಮುಖ ತೋರಿಸುವುದು ಹೇಗೆಂದು ಬೆಳಗಿನಿಂದ ಅಪ್ಪ, ಅಮ್ಮ, ಅಜ್ಜಿ ಮಾತಾಡಿದ್ದರು, ಏನೂ ತೀರ್ಮಾನವಾಗಿರಲಿಲ್ಲ. ಕಾಫಿ ಲೋಟ ಕೆಳಗಿಟ್ಟು ಆ ತಾಯಿ, "ಎಲ್ಲಿ ನಳಿನಿ?" ಎಂದು ಕೇಳಿದಾಗ ಅಜ್ಜಿಯ ಬಾಯಿಂದ ಬಂದುಬಿಟ್ಟಿತು. "ಅವಳು ಅಹಮದಾಬಾದಿಗೆ ಹೋಗಿದಾಳಮ್ಮ. ಕೆಲಸದ ಇಂಟರ್ವ್ಯೂ. ತುಂಬ ಅರ್ಜೆಂಟಾಗಿ ಬಂತು."

"ಅಯ್ಯೋ ಶಿವನೇ, ನಾವು ಅಲ್ಲಿಂದ್ಲೇ ಬಂದ್ವಲ್ಲಾ!" ಎಂದು ಆಕೆ ನಕ್ಕರು. ದೊಡ್ಡ ದನಿಯ, ಸೋಗಿಲ್ಲದ ಹೆಂಗಸು. "ಹೋಗ್ಲಿ ಬಿಡಿ, ಹುಡುಗಿನ ನಾನೊಬ್ಳೇ ನೋಡಿಲ್ಲ, ಇವನು ನೋಡವ್ನೆ. ನೀವು ಮಧ್ಯಸ್ಥರ ಹತ್ರ ಸಣ್ಣ ಗುರುತು, ದೊಡ್ಡ ಗುರುತು ಅಂತೆಲ್ಲ ಯಾಕೆ ಹೇಳ್ಸಿದ್ರಿ? ಯುಗಾದಿ ದಿನ ಕೋಸಂಬರಿ ಬಡಿಸ್ದ ಕೈ ನೋಡೇ ಇವನು ನನ್ನ ಬೆನ್ನು ಬಿದ್ದಿದ್ದು. ಇವನ ಕೈ ನೋಡಿ, ಬಣ್ಣದ ಮಿಲ್ಲು! ಒಂದಿನ ನೀಲಿ, ಒಂದಿನ ಕೆಂಪು. ಇಂಥೋನು ಇನ್ನೊಬ್ಬರ ಕೈಗೆ ಏನಂದಾನು?"

ಒಳಗೆ ಅತ್ತೆ ಎದ್ದು ನಿಂತಳು. ಮಂಚದ ಕಿರುಗುಟ್ಟನ್ನು ತಡೆಯಲು ಮೊಣಕೈ ಊರಿ, ಮೆಲ್ಲಗೆ. ಪರದೆಯವರೆಗೆ ಹೋದಳು. ಊದಿದ ಬೆರಳುಗಳಿಂದ ಪರದೆಯ ಅಂಚನ್ನು ಹಿಡಿಯಲಾಗದೆ ಹಾಗೇ ನಿಂತಳು. ಅವಳ ಬೆನ್ನು ನನ್ನ ಕಡೆಗಿತ್ತು. ಜಡೆ ನಾನೇ ಹಾಕಿದ್ದೆ, ಸೊಟ್ಟಗೆ. ಈಗ ಹೋಗುತ್ತಾಳೆ, ಈಗ ಹೋಗುತ್ತಾಳೆ ಎಂದು ನಾನು ಕಾದೆ. ಅಷ್ಟರಲ್ಲಿ ಮುಂಬಾಗಿಲಿನಿಂದ ಮಧುಬೆನ್ ದನಿ. ಕೈಯಲ್ಲಿ ಆಗಷ್ಟೇ ಕೊಯ್ದ ಲೋಳೆಸರದ ಪಟ್ಟೆ ಹಿಡಿದು ಒಳಗೇ ಬಂದಿದ್ದರು, ಸುಟ್ಟ ಗಾಯಕ್ಕೆ ತಂಪೆಂದು. "ನಳಿನಿಬೆನ್ ಕ್ಯಾಂ ಛೇ? ಹಾಥ್ ಕೇಮ್ ಛೇ ಹವೇ?" ನಳಿನಿ ಎಲ್ಲಿ, ಕೈ ಈಗ ಹೇಗಿದೆ ಎಂದು. ಅಮ್ಮ ಗಾಬರಿಯಲ್ಲಿ, "ಪಛೀ ಆವೋ ಬೆನ್, ಪಛೀ" ಎಂದು, ಆಮೇಲೆ ಬನ್ನಿ ಎಂದು, ಅವರನ್ನು ಹೊರಕ್ಕೆ ಕಳಿಸಲು ನೋಡಿದಳು. ಸೂರತ್ತಿನಲ್ಲಿ ಅಷ್ಟು ವರ್ಷ ಬಾಳಿದವರಿಗೆ ಗುಜರಾತಿ ಅರ್ಥವಾಗದೆ ಇರುತ್ತದೆಯೇ? ಲೋಳೆಸರದಿಂದ ತೊಟ್ಟಿಕ್ಕಿದ ಹಳದಿ ರಸ ಹೊಸಲಿನ ಮೇಲೆ ಬಿದ್ದಿತ್ತು. ಅದನ್ನು ಆಮೇಲೆ ನಾನೇ ಒರೆಸಿದೆ. ಆ ತಾಯಿ ಲಾಡಿನ ಡಬ್ಬವನ್ನು ಮಣೆಯ ಮೇಲಿಟ್ಟು ಎದ್ದರು. ಸುಧೀಂದ್ರ ಚಪ್ಪಲಿ ಮೆಟ್ಟುವಾಗ ತಡಮಾಡಿದನಂತೆ, ಪರದೆಯ ಕಡೆ ನೋಡುತ್ತ ನಿಂತಿದ್ದನಂತೆ. ಇದು ಅಮ್ಮ ಹೇಳಿದ್ದು. ನಾನು ನೋಡಿದ್ದು ಪರದೆಯ ಈಚೆಗೆ ನಿಂತ ಅತ್ತೆಯನ್ನು. ಗೇಟಿನ ಸದ್ದಾಗುವವರೆಗೂ ಅವಳು ಅಲ್ಲಾಡಲಿಲ್ಲ.

ಕೆಲವು ವಾರಗಳ ಮೇಲೆ, ಗಾಯ ಮಾಗುತ್ತಿರುವಾಗ, ಅಪ್ಪ ರೈಲು ಹತ್ತಿ ಸೂರತ್ತಿಗೆ ಹೋದರು. ಎಲ್ಲವನ್ನೂ ಹೇಳಿದರಂತೆ; ಜಪಸರ, ನಿಂಬೆಹಣ್ಣು, ಬಾಟಲಿ, ಎಲ್ಲವನ್ನೂ. ಸುಧೀಂದ್ರ ಮಿಲ್ಲಿನ ಗೇಟಿನ ಹೊರಗೆ ನಿಂತು ಕೇಳಿಸಿಕೊಂಡನಂತೆ. "ಅವರು ಒಳಗೇ ಇದ್ದಾರೆ ಅಂತ ಗೊತ್ತಾಯ್ತು ಸಾರ್. ಅಮ್ಮ ಅಷ್ಟು ಬಿಚ್ಚಿ ಹೇಳಿದ ಮೇಲೂ ಬರಲಿಲ್ಲ ಅಂದ್ರೆ ಅವರಿಗೇ ಇಷ್ಟ ಇಲ್ಲ ಅಂದುಕೊಂಡೆ" ಎಂದನಂತೆ. ಅಷ್ಟರಲ್ಲಿ ಅವನಿಗೆ ಬೇರೆ ಕಡೆ ನಿಶ್ಚಯವಾಗಿತ್ತು. ಅಪ್ಪ ಒಂದು ಪೊಟ್ಟಣ ಘಾರಿ ತಂದಿದ್ದರು, ಸೂರತ್ತಿನ ತುಪ್ಪದ ಸಿಹಿ. ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೋದರು. ಸ್ನಾನದ ಮನೆಯಲ್ಲಿ ನೀರಿನ ಸದ್ದು ಬಹಳ ಹೊತ್ತಿನವರೆಗೆ ಬಂತು. ಅತ್ತೆ ಪೊಟ್ಟಣ ಬಿಚ್ಚಿ, ನನಗೊಂದು ಕೊಟ್ಟು, ತಾನೊಂದು ತಿಂದು, "ತುಪ್ಪ ಜಾಸ್ತಿ. ಎಷ್ಟು ಕೊಟ್ಟನೋ ಅಣ್ಣ, ಕೇಳಬೇಕು" ಎಂದಳು.

ಆಮೇಲಿನ ಮನೆ ಬೇರೆಯೇ ಮನೆ. ಅಪ್ಪ ಕಾರ್ಖಾನೆಯ ಅಂಗಿಯನ್ನು ಅಲ್ಲೇ ಬಿಚ್ಚಿಟ್ಟು ಬೇರೆ ಅಂಗಿ ತೊಟ್ಟು ಬರತೊಡಗಿದರು. ನನ್ನ ಮೂಸುವ ಆಟ ಮುಗಿಯಿತು. ಅಜ್ಜಿ ಜಪವನ್ನು ದೇವರ ಮುಂದೆ ಬಿಟ್ಟು ಬೇರೆಲ್ಲೂ ಮಾಡಲಿಲ್ಲ, ಅದನ್ನೂ ತುಟಿ ಅಲ್ಲಾಡಿಸದೆ. ಅಮ್ಮ ಅತ್ತೆಯ ಎಲೆಗೆ ನಿಂಬೆಹುಳಿ ಬಡಿಸುವಾಗ ಕೇಳಿ ಬಡಿಸುವಳು. ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ. ಸುಟ್ಟ ಜಾಗದ ಅಂಚು ಕಪ್ಪಾಯಿತು, ಅದರಾಚೆಗೆ ಕಲೆ ಮತ್ತೆ ಹರಡಿತು. ಎಳ್ಳಿನಂಥ ಚುಕ್ಕೆಗಳು ಒಂದೂ ಉಳಿಯಲಿಲ್ಲ. ಅತ್ತೆ ಅಹಮದಾಬಾದಿನ ಒಂದು ಹೆಣ್ಣುಮಕ್ಕಳ ಶಾಲೆಯ ಕಚೇರಿಯಲ್ಲಿ ಕೆಲಸ ಹಿಡಿದು ಹೊರಟುಹೋದಳು. "ಅಮ್ಮ ಹೇಳಿದ್ದು ಕೊನೆಗೂ ನಿಜ ಆಯ್ತು ನೋಡಿ, ಇಂಟರ್ವ್ಯೂನೂ ಆಯ್ತು" ಎಂದು ಅಜ್ಜಿಯ ಕಡೆ ನೋಡಿ ನಗುತ್ತಲೇ ಟ್ರಂಕು ಎತ್ತಿದಳು. ಅಜ್ಜಿ ಬಾಗಿಲಿಗೆ ಬರಲಿಲ್ಲ. ಅತ್ತೆ ಹೋದ ಮೇಲೆ ತಾರಸಿಗೆ ಬಟ್ಟೆ ಒಣಹಾಕಲು ಬಿಟ್ಟರೆ ಯಾರೂ ಹತ್ತಲಿಲ್ಲ. ಅಜ್ಜಿ ತೀರಿಹೋದಳು, ಕಾರ್ಖಾನೆ ಮುಚ್ಚಿತು, ಅಪ್ಪ ಹೋದರು, ಆಮೇಲೆ ಅಮ್ಮ. ನಾನು ಓದಲೆಂದು ಅತ್ತೆಯ ಬಳಿಗೆ ಬಂದವಳು ಅವಳ ಜೊತೆಯಲ್ಲೇ ವ್ಯಾಪಾರ ಶುರುಮಾಡಿದೆ. ನನ್ನ ಮೊದಲ ಸಾಬೂನುಗಳಿಗೆ ಬೆಲೆ ಕಟ್ಟಿದವಳು ಅವಳೇ. "ಕಡಿಮೆ ಹೇಳಬೇಡ, ಕಡಿಮೆ ಹೇಳಿದ್ರೆ ಏನೋ ಮುಚ್ಚಿಡ್ತಾ ಇದಾಳೆ ಅಂದುಕೋತಾರೆ." ಕೊನೆಯ ವರ್ಷಗಳಲ್ಲಿ ಸ್ಯಾಟಲೈಟಿನ ಈ ಫ್ಲ್ಯಾಟಿನಲ್ಲಿ ನಮ್ಮೊಡನಿದ್ದಳು. ನನ್ನ ಮಗಳಿಗೆ ಕನ್ನಡ ಅರೆಬರೆ. ಅತ್ತೆಗೆ ಇಂಗ್ಲಿಷ್ ಅರೆಬರೆ. ಇಬ್ಬರೂ ಗುಜರಾತಿಯಲ್ಲಿ ಜಗಳವಾಡುತ್ತಿದ್ದರು. ಅಷ್ಟು ಹೊತ್ತಿಗೆ ಕಲೆ ಕೈತುಂಬ ಹರಡಿ, ಎರಡೂ ತೋಳು ಪೂರ್ತಿ ಬೆಳ್ಳಗಾಗಿದ್ದವು. ನಕ್ಷೆಗೆ ಗಡಿಯೇ ಇರಲಿಲ್ಲ.

ಒಂದು ಮಧ್ಯಾಹ್ನ ಅವರೆಕಾಯಿ ಬಿಡಿಸುತ್ತಿದ್ದಾಗ ಧೈರ್ಯ ಮಾಡಿ ಕೇಳಿದೆ. "ಅವತ್ತು ಯಾಕೆ ಆಚೆಗೆ ಹೋಗಲಿಲ್ಲ ಅತ್ತೆ? ಅವರ ತಾಯಿ ಅಷ್ಟು ಹೇಳಿದ ಮೇಲೂ?"

"ತುಟಿ ಇಡ್ಲಿ ಆಗಿತ್ತಲ್ಲೇ" ಎಂದಳು. ಕಾಳುಗಳನ್ನು ಬಟ್ಟಲಿಗೆ ಹಾಕಿದಳು. ನಾನು ಸುಮ್ಮನೆ ಕಾದೆ. ಎದುರಿನವರು ಮಾತಾಡುವವರೆಗೂ ಕಾಯುವುದನ್ನು ಕಲಿಸಿದ್ದೂ ಅವಳೇ. "ಆಚೆಗೆ ಹೋಗಿದ್ರೆ ನಿಮ್ಮಜ್ಜಿ ಹೇಳಿದ್ದು ಸುಳ್ಳು ಅಂತ ಆಗ್ತಿತ್ತು. ಜನ್ಮವೆಲ್ಲ ಜಪ ಮಾಡಿದ ಬಾಯಿ ಕಣೇ ಅದು. ಅಣ್ಣ ಅಲ್ಲಿ ಕೂತಿದ್ದ. ನಾಲ್ಕು ಜನರ ಎದುರಿಗೆ ಹೇಗೆ ಮಾಡಲಿ ಹೇಳು." ಇನ್ನೊಂದು ಕಾಯಿ ಬಿಡಿಸಿದಳು. "ಅವರು ಗೇಟಿನ ಹತ್ತಿರ ಹೋದಾಗ ಅನ್ನಿಸ್ತು, ಹಾಳಾಗಲಿ, ಹೋಗಿಬಿಡೋಣ ಅಂತ. ಅಷ್ಟರಲ್ಲಿ ಗೇಟು ಹಾಕಿಕೊಂಡು ಹೋದರು." ಮತ್ತೆ ಆ ವಿಷಯ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಹೋದ ಚಳಿಗಾಲದಲ್ಲಿ ಅವಳು ತೀರಿಕೊಂಡಳು, ಬೆಳಗಿನ ಕಾಫಿ ಕುಡಿದು, ಸಕ್ಕರೆ ಕಡಿಮೆ ಎಂದು ದೂರಿ. ಆಸ್ಪತ್ರೆಯ ನರ್ಸು ಚೀಟಿಯಲ್ಲಿ ಬರೆಯಲು ಗುರುತಿನ ಕಲೆ ಏನಾದರೂ ಇದೆಯಾ ಎಂದು ಕೇಳಿದಳು. ಇಲ್ಲ ಎಂದೆ.

ಅತ್ತೆ ಹೋದಮೇಲೂ ನಾನು ಬಾವಂಚಿಯ ವ್ಯಾಪಾರ ಬಿಟ್ಟಿಲ್ಲ. ಈಗ ಅದಕ್ಕೆ ಬಹಳ ಬೇಡಿಕೆ. ಸುಕ್ಕು ಹೋಗಲಾಡಿಸುವ ಪುಟ್ಟ ಪುಟ್ಟ ಸೀಸೆಗಳಲ್ಲಿ ಅದರದೇ ಸತ್ವವಿರುತ್ತದೆ. ಗಿಡದ್ದು, ಆದ್ದರಿಂದ ಅಪಾಯವಿಲ್ಲ ಎಂದು ಯಾರಾದರೂ ನಿಮಗೆ ಹೇಳಿದರೆ ಅವರ ಮಾತನ್ನು ಕೊಳ್ಳಬೇಡಿ. ಆ ಸತ್ವದಿಂದ ಬಿಸಿಲಿಗೆ ಸುಡುವ ಅಂಶವನ್ನು ತೆಗೆದಿದ್ದಾರೆಯೇ ಎಂದು ಮಾರುವವರನ್ನು ಕೇಳಿ. ಉತ್ತರ ತೊದಲಿದರೆ ಸೀಸೆಯನ್ನು ಅಲ್ಲೇ ಇಟ್ಟು ಬನ್ನಿ, ಎಷ್ಟೇ ಇಳಿಸಿ ಕೊಟ್ಟರೂ. ಕಲೆಗೆ ಔಷಧಿ ಬೇಕಾದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಬೀಜ ತಂದು ಮನೆಯಲ್ಲಿ ಕಾಯಿಸಬೇಡಿ. ಹೊಸದು ಏನೇ ಆಗಲಿ, ಮೊದಲು ಒಳತೋಳಿಗೆ ಸಾಸಿವೆಯಷ್ಟು ಹಚ್ಚಿ ಕೆಲವು ದಿನ ಸುಮ್ಮನಿರಿ, ಅದೇ ದಿನ ಏನೂ ಆಗಲಿಲ್ಲವೆಂದು ಹೆಚ್ಚಿಸಬೇಡಿ. ಮನೆಯಲ್ಲಿ ಒಬ್ಬರ ಔಷಧಿ ಒಬ್ಬರ ಕೈಯಲ್ಲೇ ಇರಲಿ. ಪ್ರೀತಿಯಿಂದ ಕೂಡ ಇನ್ನೊಬ್ಬರು ಗೊತ್ತಿಲ್ಲದಂತೆ ಅದಕ್ಕೆ ಏನನ್ನೂ ಸೇರಿಸಬಾರದು. ಸೇರಿಸಿದ್ದರೆ ಇವತ್ತೇ ಬಾಯಿ ಬಿಟ್ಟು ಹೇಳಿ. ಇನ್ನು ಹೆಣ್ಣು ನೋಡಲು ಬರುವವರಿದ್ದರೆ, ಆ ವಾರ ಅವಳ ಮೈಗೆ ಹೊಸದೇನನ್ನೂ ಹಚ್ಚಬೇಡಿ. ಇದ್ದ ಕೈಯಲ್ಲೇ ಅವಳು ಹೊರಗೆ ಬಂದು ಕಾಫಿ ಕೊಡಲಿ. ಕೈ ನೋಡಿ ಎದ್ದುಹೋಗುವವರು ಎದ್ದುಹೋಗಲಿ. ನಿಮಗೆ ನಷ್ಟವಾಗುವುದು ಎರಡು ಲೋಟ ಕಾಫಿ.